ಫೀಡರ್‌ಗೆ ಬಂದ ಬಿಳಿತಲೆ ಹಕ್ಕಿ: ಅಪರೂಪದ್ದೋ, ಗುಬ್ಬಚ್ಚಿಯೋ?

ಪ್ರಶ್ನೆ: ನಮ್ಮ ಹಿತ್ತಲಿನ ಫೀಡರ್‌ಗೆ ದಿನಾ ಗುಬ್ಬಚ್ಚಿಗಳು ಬರುತ್ತವೆ. ಮೊನ್ನೆ ಬೆಳಿಗ್ಗೆ ಅವುಗಳ ನಡುವೆ ತಲೆ ಪೂರ್ತಿ ಬೆಳ್ಳಗಿದ್ದ ಒಂದು ಹಕ್ಕಿ ಕಂಡಿತು. ಐದಾರು ನಿಮಿಷ ಕಾಳು ತಿಂದು ಹಾರಿಹೋಯಿತು. ಕಿಟಕಿಯ ಒಳಗಿನಿಂದಲೇ ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದಿದ್ದೇನೆ, ಅಷ್ಟೇನೂ ಸ್ಪಷ್ಟವಾಗಿಲ್ಲ. ಹಕ್ಕಿ ಗುರುತಿಸುವ ಒಂದು ಆ್ಯಪ್‌ಗೆ ಅದನ್ನು ಹಾಕಿದರೆ ‘ಬಿಳಿತಲೆಯ ಮುನಿಯ’ ಎಂದಿತು. ಅದೇ ಫೋಟೊವನ್ನು ಕ್ರಾಪ್ ಮಾಡಿ ಹಾಕಿದಾಗ ‘ಪೈನ್ ಬಂಟಿಂಗ್’ ಎಂದಿತು. ಎರಡೂ ನಮ್ಮ ಕಡೆಯ ಹಕ್ಕಿಗಳಲ್ಲ. ಇದು ನಿಜಕ್ಕೂ ಅಪರೂಪದ್ದೇ? ಹೌದಾದರೆ ಯಾರಿಗೆ, ಹೇಗೆ ತಿಳಿಸಬೇಕು?

ಉತ್ತರ: ನಿಮ್ಮ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ನನ್ನ ಅಂದಾಜು: ಇದು ತಲೆಯ ಗರಿಗಳಲ್ಲಿ ಬಣ್ಣ ಕಳೆದುಕೊಂಡ ಗಂಡು ಗುಬ್ಬಚ್ಚಿ. ಆದರೆ ಇದಕ್ಕೆ ನಾನು ಈಗಲೇ ಸಹಿ ಹಾಕಲಾರೆ. ಫೋಟೊದಲ್ಲಿ ಹಕ್ಕಿಯ ಎಡಮಗ್ಗುಲು ಮಾತ್ರ ಕಾಣುತ್ತಿದೆ, ಬಾಲ ಫೀಡರ್‌ನ ಕಂಬದ ಹಿಂದೆ ಮರೆಯಾಗಿದೆ. ಯಾವ ಆಧಾರದ ಮೇಲೆ ಗುಬ್ಬಚ್ಚಿ ಎನ್ನುತ್ತೇನೆ, ಯಾವ ಅನುಮಾನ ಇನ್ನೂ ಉಳಿದಿದೆ ಎಂಬುದನ್ನು ಮೊದಲು ಹೇಳುತ್ತೇನೆ. ಯಾಕೆಂದರೆ ಮುಂದಿನ ಸಲ ಆ ಹಕ್ಕಿ ಬಂದಾಗ ನೀವು ಏನನ್ನು ನೋಡಬೇಕು ಎಂಬುದು ಅದರಲ್ಲೇ ಇದೆ.

ಮುನಿಯದ ಮಾತು ಬೇಗ ಮುಗಿಯುತ್ತದೆ. ಬಿಳಿತಲೆಯ ಮುನಿಯದ ಬೆನ್ನು, ರೆಕ್ಕೆ ಎಲ್ಲ ಒಂದೇ ಸಮನಾದ ಗಾಢ ಕಂದು. ಗೆರೆ, ಚುಕ್ಕೆ ಏನೂ ಇಲ್ಲ. ಕೊಕ್ಕು ದಪ್ಪ, ನೀಲಿ ಬೆರೆತ ಬೂದು ಬಣ್ಣ, ಹಣೆಯಿಂದಲೇ ಇಳಿದು ಬಂದಂತೆ ಕಾಣುತ್ತದೆ. ನಿಮ್ಮ ಹಕ್ಕಿಯ ಬೆನ್ನಿನ ಮೇಲೆ ಕಪ್ಪು ಗೀಟುಗಳು ಸ್ಪಷ್ಟವಾಗಿವೆ. ಭುಜದ ಹತ್ತಿರ ರೆಕ್ಕೆಯ ಮೇಲೆ ಒಂದೇ ಒಂದು ಬಿಳಿ ಪಟ್ಟಿ ಇದೆ. ಇವೆರಡೂ ಗಂಡು ಗುಬ್ಬಚ್ಚಿಯ ಗುರುತುಗಳು. ಇನ್ನೂ ಮುಖ್ಯವಾದದ್ದು ಕಣ್ಣಿನ ಹಿಂದೆ ಇದೆ. ಬಿಳಿಯ ನಡುವೆ ಇಟ್ಟಿಗೆಗಂದಿನ ಎರಡು ಮೂರು ಗರಿಗಳು ಉಳಿದುಕೊಂಡಿವೆ, ಗದ್ದದ ಕೆಳಗೆ ಮಸಿ ಮೆತ್ತಿದಂತೆ ಒಂದು ಕಲೆ ಇದೆ. ಸಾಮಾನ್ಯ ಗಂಡು ಗುಬ್ಬಚ್ಚಿಯಲ್ಲಿ ಕಂದು ಪಟ್ಟಿ ಇರುವುದು, ಕಪ್ಪು ಗಂಟಲು ಇರುವುದು ಸರಿಯಾಗಿ ಅದೇ ಜಾಗಗಳಲ್ಲಿ. ಬಣ್ಣ ಹೋದ ಹಕ್ಕಿಯಲ್ಲಿ ಹೀಗೆ ಅಲ್ಲಿ ಇಲ್ಲಿ ಉಳಿದ ಹಳೆಯ ಬಣ್ಣಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಪೈನ್ ಬಂಟಿಂಗ್ ಅನ್ನು ಅಷ್ಟು ಸುಲಭವಾಗಿ ಬದಿಗಿಡಲಾಗದು. ಸೈಬೀರಿಯದ ಕಡೆ ಗೂಡು ಕಟ್ಟುವ ಈ ಹಕ್ಕಿ ಆಗಾಗ ತನ್ನ ದಾರಿ ಬಿಟ್ಟು ದೂರದ ದೇಶಗಳಲ್ಲಿ ಕಾಣಿಸಿಕೊಂಡಿರುವುದುಂಟು. ಗಂಡಿನ ನೆತ್ತಿ ಬಿಳಿ, ಅದರ ಅಂಚಿಗೆ ಗಾಢ ಗೆರೆ, ಕೆನ್ನೆಯ ಮೇಲೆ ಬಿಳಿ ಮಚ್ಚೆ, ಗಂಟಲು ಇಟ್ಟಿಗೆಗಂದು, ಬೆನ್ನಿನ ಮೇಲೆ ಗೀಟುಗಳೂ ಇವೆ. ನಿಮ್ಮ ಫೋಟೊದಲ್ಲಿ ಹಕ್ಕಿಯ ತಲೆ ಬೆಳಕಿಗೆ ‘ಸುಟ್ಟು’ಹೋಗಿದೆ; ಅಂದರೆ ಬಿಳಿಯ ಭಾಗದಲ್ಲಿ ವಿವರವೇ ಉಳಿದಿಲ್ಲ. ನೆತ್ತಿಯ ಅಂಚಿನಲ್ಲಿ ಗೆರೆ ಇತ್ತೋ ಇಲ್ಲವೋ ಎಂದು ಆ ಫೋಟೊ ನೋಡಿ ಯಾರೂ ಹೇಳಲಾರರು. ಇದನ್ನು ಇತ್ಯರ್ಥ ಮಾಡುವುದು ಬಾಲ. ಬಂಟಿಂಗ್‌ನ ಬಾಲ ಗುಬ್ಬಚ್ಚಿಯದಕ್ಕಿಂತ ಉದ್ದ, ಎರಡೂ ಅಂಚಿನ ಗರಿಗಳಲ್ಲಿ ಬಿಳಿ ಇರುತ್ತದೆ, ಹಾರುವಾಗ ಎದ್ದು ಕಾಣುತ್ತದೆ. ಗುಬ್ಬಚ್ಚಿಗೆ ಅದಿಲ್ಲ. ಬೆನ್ನಿನ ಕೆಳಗೆ, ಬಾಲದ ಬುಡದಲ್ಲಿ, ಬಂಟಿಂಗ್‌ಗೆ ತುಕ್ಕಿನ ಬಣ್ಣ, ಗುಬ್ಬಚ್ಚಿಗೆ ಬೂದು. ಹಕ್ಕಿ ಎದ್ದು ಹೋಗುವ ಅರೆಕ್ಷಣದ ಒಂದು ಮಸುಕಾದ ಫೋಟೊ ಸಿಕ್ಕಿದರೂ, ಕುಳಿತಾಗ ತೆಗೆದ ಚಂದದ ಹತ್ತು ಫೋಟೊಗಳಿಗಿಂತ ಅದರ ಬೆಲೆ ಹೆಚ್ಚು.

ಬಿಳಿ ಗರಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಫೀಡರ್‌ಗೆ ಬಂದ ‘ಅಪರೂಪದ ಹಕ್ಕಿ’ ಎಂದು ಜನ ಕಳಿಸುವ ಫೋಟೊಗಳಲ್ಲಿ ಇಂಥವು ಬಹಳ. ಕಪ್ಪು, ಬೂದು, ಕಂದು ಬಣ್ಣಗಳು ಗರಿಗೆ ಬರುವುದು ಮೆಲನಿನ್‌ನಿಂದ. ಹುಟ್ಟಿನಿಂದಲೇ ಕೆಲವು ಭಾಗಗಳಿಗೆ ಅದು ತಲುಪದಿದ್ದರೆ ಲ್ಯೂಸಿಸಂ ಎನ್ನುತ್ತೇವೆ. ಮೆಲನಿನ್ ತಯಾರಾಗುವುದೇ ಇಲ್ಲದಿದ್ದರೆ ಆಲ್ಬಿನಿಸಂ; ಆಗ ಕಣ್ಣೂ ಕೆಂಪಗೆ ಕಾಣುತ್ತದೆ, ದೃಷ್ಟಿ ದುರ್ಬಲವಾದ್ದರಿಂದ ಅಂಥ ಹಕ್ಕಿಗಳು ಸಾಮಾನ್ಯವಾಗಿ ಬಹುಕಾಲ ಬದುಕುವುದಿಲ್ಲ. ನಿಮ್ಮ ಹಕ್ಕಿಯ ಕಣ್ಣು ಕಪ್ಪಗಿದೆ, ಹಾಗಾಗಿ ಆ ಮಾತಿಲ್ಲ. ಮೂರನೆಯದು ವಯಸ್ಸಾಗುತ್ತ ಒಂದೊಂದು ಸಲ ಗರಿ ಉದುರಿ ಹುಟ್ಟುವಾಗಲೂ ಬಿಳಿ ಹೆಚ್ಚುತ್ತ ಹೋಗುವುದು. ಬ್ರಿಟನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಹೈನ್ ವಾನ್ ಗ್ರೌ ಈ ವಿಷಯದಲ್ಲಿ ಬಹಳ ಕೆಲಸ ಮಾಡಿದವರು. ಜನ ಲ್ಯೂಸಿಸಂ ಎನ್ನುವ ಹಕ್ಕಿಗಳಲ್ಲಿ ಹೆಚ್ಚಿನವು ನಿಜವಾಗಿ ಈ ಮೂರನೇ ಬಗೆಯವು ಎಂಬುದು ಅವರ ವಾದ. ಒಂದು ಫೋಟೊ ನೋಡಿ ಇವೆರಡನ್ನು ಬೇರೆ ಮಾಡುವುದು ಸಾಧ್ಯವಿಲ್ಲ. ಅದೇ ಹಕ್ಕಿಯನ್ನು ಮುಂದಿನ ವರ್ಷವೂ ನೋಡಿದರೆ ಸಾಧ್ಯ. ಹಾಗಾಗಿ ನಿಮ್ಮ ಟಿಪ್ಪಣಿಯಲ್ಲಿ ‘ಲ್ಯೂಸಿಸಂ’ ಎಂದು ಬರೆಯುವ ಬದಲು ‘ತಲೆಯಲ್ಲಿ ಬಿಳಿ ಗರಿಗಳಿರುವ’ ಎಂದೇ ಬರೆಯಿರಿ.

ಇಂಥ ಬಿಳಿಗೆ ಒಂದು ಗುಣ ಇದೆ: ಅದು ಬಹಳ ಸಲ ಎಡಕ್ಕೊಂದು ಬಲಕ್ಕೊಂದು ರೀತಿ ಇರುತ್ತದೆ. ಒಂದು ಜಾತಿಯ ಸಹಜ ವಿನ್ಯಾಸವಾದರೆ ಎರಡೂ ಕೆನ್ನೆ ಒಂದೇ ಥರ, ಎರಡೂ ರೆಕ್ಕೆ ಒಂದೇ ಥರ. ಬಲಮಗ್ಗುಲಿನ ಫೋಟೊ ಬೇಕೇ ಬೇಕು ಎನ್ನುವುದು ಇದಕ್ಕೇ. ಹಾಗೆಂದು ಎರಡೂ ಕಡೆ ಸರಿಸಮ ಇದ್ದ ಮಾತ್ರಕ್ಕೆ ಬೇರೆ ಜಾತಿ ಎಂದೂ ಅಲ್ಲ, ಸರಿಸಮವಾಗಿ ಬೆಳ್ಳಗಾದ ಹಕ್ಕಿಗಳೂ ಇವೆ. ಎಡ ಬಲ ಬೇರೆ ಬೇರೆ ಇದ್ದರೆ ಮಾತ್ರ ನಿಮ್ಮ ಹಕ್ಕಿಯ ಮಟ್ಟಿಗೆ ಚರ್ಚೆ ಬಹುತೇಕ ಮುಗಿದಂತೆ.

ಬಣ್ಣ ನಮ್ಮನ್ನು ದಾರಿ ತಪ್ಪಿಸುವುದು ಬಿಳಿಯಲ್ಲಿ ಮಾತ್ರವಲ್ಲ. 2018ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಒಂದು ಫೀಡರ್‌ಗೆ ಹಳದಿ ಬಣ್ಣದ ಕಾರ್ಡಿನಲ್ ಬಂದು ದೊಡ್ಡ ಸುದ್ದಿಯಾಯಿತು. ಆ ಜಾತಿಯ ಗಂಡು ಕಡುಕೆಂಪು ಇರಬೇಕು. ತಿಂದ ಆಹಾರದ ಹಳದಿ ವರ್ಣಕವನ್ನು ಕೆಂಪಾಗಿ ಬದಲಿಸುವ ಕೆಲಸ ಆ ಹಕ್ಕಿಯ ಮೈಯಲ್ಲಿ ಆಗಿರಲಿಲ್ಲ, ಅಷ್ಟೇ, ಜಾತಿ ಅದೇ. ಹೂವಿನ ಪರಾಗ ಮೆತ್ತಿ ಹಣೆ ಹಳದಿಯಾದ ಹಕ್ಕಿ, ಗರಿ ಉದುರಿ ತಲೆ ಬೋಳಾದ ಹಕ್ಕಿ, ಎಲೆಗಳ ಸಂದಿಯ ಬೆಳಕಲ್ಲಿ ಹೊಟ್ಟೆ ಹಸಿರಾಗಿ ಕಂಡ ಹಕ್ಕಿ, ಎಲ್ಲವೂ ಪುಸ್ತಕದಲ್ಲಿಲ್ಲದ ಹಕ್ಕಿಗಳೇ. ಕೆಲವೊಮ್ಮೆ ಕೊಕ್ಕೇ ಮೋಸ ಮಾಡುತ್ತದೆ. ಅಲಾಸ್ಕಾದ ಕಪ್ಪುನೆತ್ತಿಯ ಚಿಕಡಿ ಎಂಬ ಸಣ್ಣ ಹಕ್ಕಿಗಳಲ್ಲಿ 1990ರ ದಶಕದ ಕೊನೆಯಿಂದ ಕೊಕ್ಕು ವಿಪರೀತ ಬೆಳೆದು ಡೊಂಕಾಗುವ ಕಾಯಿಲೆ ಕಾಣುತ್ತಿದೆ; ಪೋಸಿವೈರಸ್ ಎಂಬ ವೈರಸ್ಸಿನ ಜೊತೆ ಅದರ ನಂಟು ಪತ್ತೆಯಾಗಿದೆ. ಆದ್ದರಿಂದ ಬಣ್ಣವಾಗಲಿ ಕೊಕ್ಕಾಗಲಿ ಒಂದೇ ಒಂದು ಅಂಶ ಹಿಡಿದು ಹೆಸರಿಡಬಾರದು. ಮೈಕಟ್ಟು, ಕೊಕ್ಕು, ಬಾಲದ ಉದ್ದ, ಬೆನ್ನಿನ ಗೀಟು, ಕೂಗು, ನಡವಳಿಕೆ ಎಲ್ಲ ಒಂದೇ ಹೆಸರಿನತ್ತ ಕೈ ತೋರಿಸಬೇಕು.

ಬಣ್ಣದ ವ್ಯತ್ಯಾಸವಲ್ಲ, ಬೇರೆ ಜಾತಿಯೇ ಎಂದಾದರೆ ಮುಂದಿನ ಪ್ರಶ್ನೆ: ತಾನಾಗಿ ಬಂದದ್ದೋ, ಪಂಜರದಿಂದ ತಪ್ಪಿಸಿಕೊಂಡದ್ದೋ? ಮುನಿಯಗಳನ್ನು ಜನ ಸಾಕುತ್ತಾರೆ, ಅವು ತಪ್ಪಿಸಿಕೊಂಡು ಗುಬ್ಬಚ್ಚಿಗಳ ಗುಂಪು ಸೇರುವುದುಂಟು. ಬಾಲದ ತುದಿ ಪೊರಕೆಯ ಹಾಗೆ ಸವೆದಿರುವುದು, ಉಗುರು ಅತಿಯಾಗಿ ಬೆಳೆದಿರುವುದು, ಮನುಷ್ಯರ ಭಯವೇ ಇಲ್ಲದಿರುವುದು, ಕಾಲಿನಲ್ಲಿ ಬಣ್ಣದ ಉಂಗುರ ಇರುವುದು, ಇವೆಲ್ಲ ಸಾಕಿದ ಹಕ್ಕಿಯ ಸುಳಿವುಗಳು. ಯಾವುದೂ ತಾನಾಗಿ ತೀರ್ಪಲ್ಲ. ಮನುಷ್ಯರನ್ನೇ ನೋಡದ ಕಾಡಿನಿಂದ ಬಂದ ಹಕ್ಕಿಯೂ ಹೆದರದೆ ಕೂರಬಹುದು. ಸಂಶೋಧಕರು ಹಾಕಿದ ಲೋಹದ ಉಂಗುರವೂ ಇರುತ್ತದೆ. ಅದರ ಮೇಲೆ ಸಂಖ್ಯೆ ಕೆತ್ತಿರುತ್ತದೆ. ಉಂಗುರ ಕಂಡರೆ ಸುತ್ತ ತಿರುಗಿದ ಹಾಗೆಲ್ಲ ಫೋಟೊ ತೆಗೆಯಿರಿ. ಒಂದು ಫೋಟೊದಲ್ಲಿ ಎರಡು ಅಂಕಿ, ಇನ್ನೊಂದರಲ್ಲಿ ಮೂರು ಸಿಕ್ಕಿ ಪೂರ್ತಿ ಸಂಖ್ಯೆ ಕೂಡಿಬರುತ್ತದೆ. ಅದನ್ನು ನಿಮ್ಮ ದೇಶದ ರಿಂಗಿಂಗ್ ಕೇಂದ್ರಕ್ಕೆ ಕಳಿಸಿದರೆ ಹಕ್ಕಿ ಎಲ್ಲಿ, ಯಾವಾಗ ಉಂಗುರ ತೊಟ್ಟಿತು ಎಂದು ತಿಳಿಯುತ್ತದೆ.

ನಿಜವಾಗಿ ದಾರಿ ತಪ್ಪಿ ಬರುವ ಹಕ್ಕಿಗಳೂ ಇವೆ, ಅದರಲ್ಲಿ ಸಂಶಯ ಬೇಡ. ಮೊದಲ ಸಲ ವಲಸೆ ಹೊರಟ ಮರಿಹಕ್ಕಿ ತಿರುಗುಮುರುಗಾದ ದಿಕ್ಕು ಹಿಡಿಯುತ್ತದೆ, ಬಿರುಗಾಳಿ ತಳ್ಳುತ್ತದೆ, ಉತ್ತರದ ಕಾಡುಗಳಲ್ಲಿ ಬೀಜದ ಫಸಲು ಕೈಕೊಟ್ಟ ವರ್ಷ ಬೀಜ ತಿನ್ನುವ ಫಿಂಚ್ ಹಕ್ಕಿಗಳು ಹಿಂಡು ಹಿಂಡಾಗಿ ದಕ್ಷಿಣಕ್ಕೆ ಇಳಿಯುತ್ತವೆ. ಹಸಿದ ಒಂಟಿ ಹಕ್ಕಿಗೆ ಬೇರೆ ಹಕ್ಕಿಗಳು ನಿಶ್ಚಿಂತೆಯಿಂದ ತಿನ್ನುತ್ತಿರುವ ಜಾಗ ಕಂಡರೆ ಅದು ಅಲ್ಲಿಗೇ ಬಂದು ಕೂರುತ್ತದೆ. ಫೀಡರ್‌ಗಳಲ್ಲಿ ಅಪರೂಪದವು ಸಿಗುವುದು ಹೀಗೆ. ಆದರೆ ಲೆಕ್ಕಾಚಾರ ಯಾವಾಗಲೂ ಸಾಮಾನ್ಯ ಹಕ್ಕಿಯಿಂದ ಶುರುವಾಗಬೇಕು. ಇದು ಗುಬ್ಬಚ್ಚಿ ಅಲ್ಲ ಎಂದು ತೋರಿಸಲಾಗದೆ ಬಂಟಿಂಗ್ ಎನ್ನಲಾಗದು.

ಆ್ಯಪ್ ಎರಡು ಸಲ ಎರಡು ಹೆಸರು ಹೇಳಿದ್ದು ನಿಮಗೆ ಗೊಂದಲ ತಂದಿದೆ. ನನಗೆ ಅದೇ ಉಪಯೋಗಕ್ಕೆ ಬಂತು: ಫೋಟೊದಲ್ಲಿ ತೀರ್ಮಾನಕ್ಕೆ ಸಾಕಾಗುವಷ್ಟು ಮಾಹಿತಿ ಇಲ್ಲ ಎಂಬುದು ಅದರಿಂದಲೇ ತಿಳಿಯುತ್ತದೆ. ಇಂಥ ತಂತ್ರಾಂಶಗಳು ಕಲಿತಿರುವುದು ಬಹುಮಟ್ಟಿಗೆ ಸಹಜ ಬಣ್ಣದ ಹಕ್ಕಿಗಳ ಫೋಟೊಗಳಿಂದ. ‘ಬಿಳಿ ತಲೆಯ, ಸಣ್ಣ, ಕಂದು ಹಕ್ಕಿ’ ಕೊಟ್ಟರೆ ಅವು ಬಿಳಿ ತಲೆಯ ಜಾತಿಯನ್ನೇ ಹುಡುಕುತ್ತವೆ. ಜಾಗ ಮತ್ತು ದಿನಾಂಕ ಸರಿಯಾಗಿ ತುಂಬಿದ್ದೀರಾ ನೋಡಿ. ಅವಿಲ್ಲದಿದ್ದರೆ ಪ್ರಪಂಚದ ಯಾವ ಮೂಲೆಯ ಹಕ್ಕಿಯನ್ನಾದರೂ ತಂದು ಮುಂದಿಡಬಹುದು. ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯದ ಮರ್ಲಿನ್ ಆ್ಯಪ್ 2014ರಲ್ಲಿ ಬಂತು, ಕೂಗು ಕೇಳಿ ಗುರುತಿಸುವ ಸೌಲಭ್ಯ ಅದಕ್ಕೆ 2021ರಲ್ಲಿ ಸೇರಿತು. ನಾನೂ ಅದನ್ನು ಬಳಸುತ್ತೇನೆ, ಆದರೆ ಯಾವ ಜಾತಿಗಳನ್ನು ಹೋಲಿಸಿ ನೋಡಬೇಕು ಎಂಬ ಪಟ್ಟಿಗಾಗಿ ಮಾತ್ರ. ದಾಖಲೆಯಲ್ಲಿ ‘ಆ್ಯಪ್ ಹೀಗೆ ಹೇಳಿತು’ ಎಂಬ ವಾಕ್ಯಕ್ಕೆ ಕಿಮ್ಮತ್ತಿಲ್ಲ.

ಇನ್ನು ಹಕ್ಕಿ ಮತ್ತೆ ಬಂದಾಗ ಮಾಡಬೇಕಾದದ್ದು. ಫೀಡರ್‌ಗೆ ಬರುವ ಹಕ್ಕಿಗಳಿಗೆ ಒಂದು ರೂಢಿ ಇರುತ್ತದೆ, ಒಮ್ಮೆ ಬಂದ ಹೊತ್ತಿಗೇ ಮತ್ತೆ ಬರುವ ಸಂಭವ ಹೆಚ್ಚು. ಆ ಹೊತ್ತಿಗೆ ಮುಂಚೆ ಕಿಟಕಿಯ ಗಾಜನ್ನು ಒಳಗೂ ಹೊರಗೂ ಒರೆಸಿ, ಕೋಣೆಯ ದೀಪ ಆರಿಸಿ, ಕುರ್ಚಿ ಹಾಕಿಕೊಂಡು ಕೂತುಬಿಡಿ. ಬಾಗಿಲು ತೆರೆದು ಹೊರಗೆ ಓಡಬೇಡಿ. ಹಕ್ಕಿ ಕಂಡ ತಕ್ಷಣ ಮೊದಲು ಹೇಗಾದರೂ ನಾಲ್ಕು ಫೋಟೊ ತೆಗೆಯಿರಿ, ಚಂದ ಆಮೇಲೆ. ಮೊಬೈಲ್‌ನ ಲೆನ್ಸನ್ನು ಗಾಜಿಗೆ ಬಹುತೇಕ ತಾಗಿಸಿ, ನೇರವಾಗಿ ಹಿಡಿಯಿರಿ; ಓರೆಯಾದಷ್ಟೂ ಗಾಜು ಚಿತ್ರವನ್ನು ಕೆಡಿಸುತ್ತದೆ, ನಿಮ್ಮದೇ ಪ್ರತಿಬಿಂಬ ಬೀಳುತ್ತದೆ. ಫ್ಲ್ಯಾಶ್ ಬೇಡವೇ ಬೇಡ. ಪರದೆಯ ಮೇಲೆ ಹಕ್ಕಿಯ ತಲೆಯನ್ನು ಒತ್ತಿ ಹಿಡಿದು ಬೆಳಕಿನ ಗುರುತನ್ನು ಕೆಳಗೆ ಎಳೆಯಿರಿ. ಮೈ ಸ್ವಲ್ಪ ಕತ್ತಲಾದರೂ ಚಿಂತೆಯಿಲ್ಲ, ಬಿಳಿಯಲ್ಲಿ ವಿವರ ಉಳಿಯಬೇಕು. ಡಿಜಿಟಲ್ ಝೂಮ್ ಎಳೆದರೆ ಏನೂ ಹೆಚ್ಚು ಸಿಗುವುದಿಲ್ಲ. ಬೈನಾಕ್ಯುಲರ್ ಇದ್ದರೆ ಅದರ ಕಣ್ಣಿಗೇ ಮೊಬೈಲ್ ಲೆನ್ಸ್ ಹಿಡಿದು ತೆಗೆಯಬಹುದು. ಕೈ ಕುದುರಲು ಒಂದಿಷ್ಟು ಅಭ್ಯಾಸ ಬೇಕು, ಅದನ್ನು ಗುಬ್ಬಚ್ಚಿಗಳ ಮೇಲೆ ಮೊದಲೇ ಮಾಡಿಟ್ಟುಕೊಳ್ಳಿ.

ಆಮೇಲೆ ವಿಡಿಯೊಗೆ ಬದಲಿಸಿ. ಇದನ್ನು ಜನ ಮರೆಯುತ್ತಾರೆ. ಹಕ್ಕಿ ತಿರುಗಿದಾಗ ಬಲಗಡೆ, ಬಗ್ಗಿದಾಗ ನೆತ್ತಿ, ರೆಕ್ಕೆ ಕೊಡವಿದಾಗ ಬೆನ್ನಿನ ಕೆಳಭಾಗ, ಹಾರಿದಾಗ ಬಾಲದ ಅಂಚು, ಎಲ್ಲವೂ ತಾವಾಗಿ ಸಿಗುತ್ತವೆ. ಒಂದೊಂದು ಫ್ರೇಮ್ ನಿಲ್ಲಿಸಿ ನೋಡಬಹುದು. ಪಕ್ಕದಲ್ಲಿ ಮಾಮೂಲಿ ಗುಬ್ಬಚ್ಚಿಯೂ ಒಂದೇ ಚೌಕಟ್ಟಿನಲ್ಲಿ ಇರುವ ಹಾಗೆ ಹಿಡಿಯಿರಿ. ಒಂಟಿ ಹಕ್ಕಿಯ ಗಾತ್ರವನ್ನು ಕಣ್ಣಂದಾಜಿನಲ್ಲಿ ಸರಿಯಾಗಿ ಹೇಳಬಲ್ಲವರು ಕಡಿಮೆ, ಅನುಭವಿಗಳೂ ಎಡವುತ್ತಾರೆ. ಪಕ್ಕದಲ್ಲಿ ಗೊತ್ತಿರುವ ಹಕ್ಕಿ ಇದ್ದರೆ ಕೊಕ್ಕು, ಬಾಲ, ತಲೆ ಎಲ್ಲವನ್ನೂ ಅಳೆದು ನೋಡಬಹುದು. ವಿಡಿಯೊ ಓಡುತ್ತಿರುವಾಗಲೇ ಕಂಡದ್ದನ್ನು ಮೆಲ್ಲಗೆ ಬಾಯಲ್ಲಿ ಹೇಳುತ್ತ ಹೋಗಿ: ‘ಬಾಲ ಪಕ್ಕದ ಗುಬ್ಬಚ್ಚಿಯಷ್ಟೇ ಉದ್ದ, ಅಂಚಿನಲ್ಲಿ ಬಿಳಿ ಕಾಣಲಿಲ್ಲ, ಈಗ ಕೂಗಿತು.’ ಮಧ್ಯೆ ಅರ್ಧ ನಿಮಿಷ ಸುಮ್ಮನಿರಿ, ಕೂಗು ದಾಖಲಾಗಲಿ. ಗುಬ್ಬಚ್ಚಿಯ ಚಿಲಿಪಿಲಿಗೂ ಬಂಟಿಂಗ್‌ನ ಚುಟುಕು ‘ಟ್ಸಿಕ್’ ಕೂಗಿಗೂ ಬಹಳ ಅಂತರವಿದೆ. ಹಕ್ಕಿಯನ್ನು ಕರೆಯಲು ರೆಕಾರ್ಡ್ ಮಾಡಿದ ಕೂಗನ್ನು ಮಾತ್ರ ಹಾಕಬೇಡಿ. ದಣಿದು ಬಂದ ಹಕ್ಕಿಗೆ ಅದು ಕಾಟ.

ಹಕ್ಕಿ ಹೋದ ಮೇಲೆ ಪುಸ್ತಕ ತೆರೆಯುವ ಮುನ್ನ, ಆ್ಯಪ್ ತೆರೆಯುವ ಮುನ್ನ, ಕಾಗದದ ಮೇಲೆ ಬರೆದುಬಿಡಿ. ಈ ಕ್ರಮ ತಪ್ಪಬಾರದು. ಪುಸ್ತಕದ ಚಿತ್ರ ಒಮ್ಮೆ ಕಣ್ಣಿಗೆ ಬಿತ್ತೆಂದರೆ ನೀವು ಕಂಡದ್ದು ಯಾವುದು, ಚಿತ್ರದಲ್ಲಿದ್ದದ್ದು ಯಾವುದು ಎಂಬುದು ನಿಮಗೇ ಬಿಡಿಸಲಾಗದಂತೆ ಕಲಸಿಹೋಗುತ್ತದೆ. ಚಿತ್ರ ಬರೆಯಲು ಬರುವುದಿಲ್ಲ ಎನ್ನಬೇಡಿ. ಎರಡು ಮೊಟ್ಟೆಯಾಕಾರ, ಒಂದು ಕೊಕ್ಕು, ಒಂದು ಬಾಲ ಗೀಚಿ, ಎಲ್ಲಿ ಬಿಳಿ, ಎಲ್ಲಿ ಗೀಟು ಎಂದು ಬಾಣ ಹಾಕಿ ಬರೆದರೆ ಸಾಕು. ಯಾವುದನ್ನು ನೋಡಲಾಗಲಿಲ್ಲವೋ ಅದನ್ನೂ ಬರೆಯಿರಿ. ‘ಕಾಲಿನ ಬಣ್ಣ ಕಾಣಲಿಲ್ಲ’ ಎಂದು ಬರೆದವರ ಉಳಿದ ಮಾತಿನ ಮೇಲೆ ದಾಖಲೆ ಪರಿಶೀಲಿಸುವವರಿಗೆ ನಂಬಿಕೆ ಹೆಚ್ಚುತ್ತದೆ.

ಟಿಪ್ಪಣಿ ಹೇಗಿರಬಾರದು ಎಂಬುದಕ್ಕೆ ಒಂದು ಮಾದರಿ: ‘ಬಿಳಿ ತಲೆ, ಕಂದು ಮೈ. ಪುಸ್ತಕದ ಚಿತ್ರದ ಹಾಗೇ ಇತ್ತು. ನೂರಕ್ಕೆ ನೂರು ಖಚಿತ.’ ಇದರಲ್ಲಿ ಪರಿಶೀಲಿಸಲು ಏನಿದೆ? ಹೀಗಿದ್ದರೆ ಕೆಲಸಕ್ಕೆ ಬರುತ್ತದೆ: ‘ಬೆಳಿಗ್ಗೆ 7.40ರಿಂದ 7.46. ಸುಮಾರು 6 ಮೀಟರ್ ದೂರ, ಗಾಜಿನ ಒಳಗಿನಿಂದ, 8 ಪಟ್ಟು ಹಿಗ್ಗಿಸುವ ಬೈನಾಕ್ಯುಲರ್. ಮೋಡದ ಬೆಳಕು, ಬೆಳಕು ನನ್ನ ಬೆನ್ನ ಹಿಂದೆ. ಐದು ಗುಬ್ಬಚ್ಚಿಗಳ ಜೊತೆ, ಗಾತ್ರ ಮತ್ತು ಬಾಲದ ಉದ್ದ ಅವುಗಳಷ್ಟೇ. ಕೊಕ್ಕು ಗಂಡು ಗುಬ್ಬಚ್ಚಿಯದರಂತೆ ಕಪ್ಪು, ಅದೇ ಆಕಾರ. ಎಡಕೆನ್ನೆ ಬಿಳಿ, ಕಣ್ಣಿನ ಹಿಂದೆ ಕೆಲವು ಕಂದು ಗರಿ. ಬಲಕೆನ್ನೆಯಲ್ಲಿ ಕಂದು ಹೆಚ್ಚು. ಬೆನ್ನಿನ ಮೇಲೆ ಕಪ್ಪು ಗೀಟು. ಬಾಲದ ಬುಡ ಬೂದು. ಹಾರುವಾಗ ಬಾಲದ ಅಂಚಿನಲ್ಲಿ ಬಿಳಿ ಇರಲಿಲ್ಲ. ಪೈನ್ ಬಂಟಿಂಗ್ ಅಲ್ಲ ಎನ್ನಲು ಬಾಲ ಮತ್ತು ಬಾಲದ ಬುಡ ಕಾರಣ. ಮುನಿಯ ಅಲ್ಲ ಎನ್ನಲು ಬೆನ್ನಿನ ಗೀಟು ಕಾರಣ.’ ಈ ಟಿಪ್ಪಣಿಗೆ ಫೋಟೊ ಇಲ್ಲದಿದ್ದರೂ ತೂಕವಿದೆ. ಕೊನೆಯ ವಾಕ್ಯವನ್ನು ಗಮನಿಸಿ. ಯಾವುದು ಎಂದು ಹೇಳಿದರೆ ಅರ್ಧ ಕೆಲಸ. ಅದನ್ನು ಹೋಲುವ ಬೇರೆಯವು ಯಾಕೆ ಅಲ್ಲ ಎಂಬುದು ಉಳಿದರ್ಧ.

ಮೂಲ ಫೈಲನ್ನು ಹಾಗೇ ಉಳಿಸಿಕೊಳ್ಳಿ. ಕ್ರಾಪ್ ಮಾಡಿದ್ದು, ಬೆಳಕು ತಿದ್ದಿದ್ದು ಬೇರೆ ಪ್ರತಿಯಾಗಿರಲಿ. ಮೂಲದೊಳಗೆ ದಿನಾಂಕ, ಸಮಯ, ಕೆಲವೊಮ್ಮೆ ಸ್ಥಳವೂ ಅಡಗಿರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ಫೋಟೊವಾಗಿ ಕಳಿಸಿದರೆ ಅದು ಹೋಗುತ್ತದೆ, ಚಿತ್ರವೂ ಕುಗ್ಗುತ್ತದೆ. ನೀವು ನನಗೆ ಕಳಿಸಿದ್ದೂ ಹಾಗೆ ಕುಗ್ಗಿದ ಪ್ರತಿಯೇ ಎಂದು ತೋರುತ್ತದೆ. ಬೇರೆ ಕ್ಯಾಮೆರಾ ಬಳಸುವುದಾದರೆ ಅದರ ಗಡಿಯಾರ ಸರಿಯಿದೆಯೇ ನೋಡಿಕೊಳ್ಳಿ.

ಕಳಿಸುವುದು ಎಲ್ಲಿಗೆ? ಎಲ್ಲರಿಗೂ ಕೈಗೆಟಕುವುದು ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣ ಇ-ಬರ್ಡ್. 2002ರಲ್ಲಿ ಕಾರ್ನೆಲ್ ಪ್ರಯೋಗಾಲಯವೂ ನ್ಯಾಷನಲ್ ಆಡುಬಾನ್ ಸೊಸೈಟಿಯೂ ಸೇರಿ ಆರಂಭಿಸಿದ್ದು, ಈಗ ಎಲ್ಲ ದೇಶಗಳವರೂ ಬಳಸುತ್ತಾರೆ. ಆ ಪ್ರದೇಶಕ್ಕೆ, ಆ ತಿಂಗಳಿಗೆ ಅಸಹಜವಾದ ಜಾತಿಯನ್ನು ನಮೂದಿಸಿದರೆ ಅದು ವಿವರಣೆ ಕೇಳುತ್ತದೆ, ಆಮೇಲೆ ಆ ಪ್ರದೇಶದ ಸ್ವಯಂಸೇವಕ ಪರಿಶೀಲಕರೊಬ್ಬರು ನೋಡುತ್ತಾರೆ. ಅವರು ಪತ್ರ ಬರೆದು ಇನ್ನಷ್ಟು ಮಾಹಿತಿ ಕೇಳಿದರೆ ಅವಮಾನ ಎಂದುಕೊಳ್ಳಬೇಡಿ, ಅವರ ಕೆಲಸವೇ ಅದು. ಹಲವು ದೇಶಗಳಲ್ಲಿ ಅಪರೂಪದ ಹಕ್ಕಿಗಳ ದಾಖಲೆ ಪರಿಶೀಲಿಸುವ ಸಮಿತಿಗಳೂ ಇವೆ. ಬ್ರಿಟನ್ನಿನದು 1959ರಿಂದ ನಡೆಯುತ್ತಿದೆ. ‘ಒಪ್ಪಿಲ್ಲ’ ಎಂದು ಅವರು ಹೇಳಿದರೆ ನೀವು ಸುಳ್ಳು ಹೇಳಿದ್ದೀರಿ ಎಂದಲ್ಲ, ಕೊಟ್ಟ ಸಾಕ್ಷಿ ಸಾಲದು ಎಂದಷ್ಟೇ ಅರ್ಥ.

ಇಷ್ಟು ಬಿಗಿ ಯಾಕೆ ಎಂದು ಕೇಳುವವರಿಗೆ ಹೇಸ್ಟಿಂಗ್ಸ್ ಪ್ರಕರಣ ಉತ್ತರ. ಇಂಗ್ಲೆಂಡಿನ ಹೇಸ್ಟಿಂಗ್ಸ್ ಪಟ್ಟಣದ ಸುತ್ತಮುತ್ತ 1892ರಿಂದ 1930ರವರೆಗೆ ನಂಬಲಾಗದಷ್ಟು ಅಪರೂಪದ ಹಕ್ಕಿಗಳು ‘ಸಿಕ್ಕಿದ್ದವು’. ಅವುಗಳಲ್ಲಿ ಬಹಳಷ್ಟು ಜಾರ್ಜ್ ಬ್ರಿಸ್ಟೋ ಎಂಬ ಚರ್ಮಪ್ರಸಾಧಕನ (ಸತ್ತ ಹಕ್ಕಿಗಳ ಚರ್ಮ ಕೆಡದಂತೆ ಹದ ಮಾಡಿ ಜೀವಂತದಂತೆ ನಿಲ್ಲಿಸುವವನ) ಅಂಗಡಿಯ ಮೂಲಕ ಹಾದುಬಂದವು. ಆ ಸಂಖ್ಯೆ ಸಹಜವಾಗಿರಲು ಸಾಧ್ಯವೇ ಇಲ್ಲ ಎಂದು 1962ರಲ್ಲಿ ಅಂಕಿಅಂಶಗಳ ಸಮೇತ ತೋರಿಸಿದಾಗ, ಹಲವು ಹಕ್ಕಿಗಳ ಹೆಸರು ಬ್ರಿಟನ್ನಿನಲ್ಲಿ ಕಂಡ ಹಕ್ಕಿಗಳ ಪಟ್ಟಿಯಿಂದಲೇ ಹೊರಬಿದ್ದವು. ದಶಕಗಳ ಕಾಲ ಅವು ಪುಸ್ತಕಗಳಲ್ಲಿ ನಿಜವೆಂದೇ ಅಚ್ಚಾಗಿದ್ದವು. ಪರಿಶೀಲನೆಯ ಲಾಭ ಇನ್ನೊಂದು ದಿಕ್ಕಿನಿಂದಲೂ ಇದೆ. ಜಾತಿಗಳ ಗಡಿಯೇ ಬದಲಾಗುತ್ತಿರುತ್ತದೆ: ಮೂರು ಜಾತಿ ಎನಿಸಿಕೊಂಡಿದ್ದ ರೆಡ್‌ಪೋಲ್ ಎಂಬ ಫಿಂಚ್‌ಗಳನ್ನು 2024ರಲ್ಲಿ ಅಮೆರಿಕನ್ ಪಕ್ಷಿವಿಜ್ಞಾನ ಸಂಘ ಒಂದೇ ಜಾತಿಯಾಗಿಸಿತು. ಫೀಡರ್‌ನಲ್ಲಿ ಆ ಮೂರರಲ್ಲೊಂದಾದ ‘ಹೋರಿ ರೆಡ್‌ಪೋಲ್’ ಕಂಡೆ ಎಂದು ಬರೀ ಹೆಸರು ಬರೆದಿಟ್ಟವರ ದಾಖಲೆಯಲ್ಲಿ ಈಗ ಹೆಚ್ಚೇನೂ ಉಳಿದಿಲ್ಲ. ಒಂದೊಂದು ಗರಿಯ ವಿವರ ಬರೆದವರದು ಇನ್ನೂ ಬಳಕೆಯಲ್ಲಿದೆ.

ಗುಬ್ಬಚ್ಚಿಯೇ ಎಂದಾದರೆ ನಿಮ್ಮ ಶ್ರಮ ವ್ಯರ್ಥವೆಂದು ನನಗನ್ನಿಸುವುದಿಲ್ಲ. ಅಮೆರಿಕದ ಇಲಿನಾಯ್‌ನ ರಾಕ್ ಐಲೆಂಡ್‌ನಲ್ಲಿ ಅರ್ಧ ಮೈ ಗಂಡಿನ ಕೆಂಪು, ಅರ್ಧ ಮೈ ಹೆಣ್ಣಿನ ಕಂದು ಇದ್ದ ಒಂದು ಕಾರ್ಡಿನಲ್ ಅನ್ನು 2008ರ ಡಿಸೆಂಬರ್‌ನಿಂದ 2010ರ ಮಾರ್ಚ್‌ವರೆಗೆ ಆಗಾಗ, 40ಕ್ಕೂ ಹೆಚ್ಚು ದಿನ ಗಮನಿಸಿದರು. ಅದು ಜೋಡಿ ಕಟ್ಟಿದ್ದು ಕಾಣಲಿಲ್ಲ, ಹಾಡಿದ್ದು ಕೇಳಲಿಲ್ಲ. 2014ರಲ್ಲಿ ಅದು ಸಂಶೋಧನಾ ಲೇಖನವಾಗಿ ಪ್ರಕಟವಾಯಿತು. ಜಾತಿ ಅತಿ ಸಾಮಾನ್ಯ, ಪ್ರತಿ ಚಳಿಗಾಲ ಫೀಡರ್‌ಗೆ ಬರುವಂಥದ್ದು. ನಿಮ್ಮ ಬಿಳಿತಲೆಯದನ್ನೂ ಇತರ ಗುಬ್ಬಚ್ಚಿಗಳು ಓಡಿಸುತ್ತವೆಯೇ, ಅದು ಗೂಡಿಗೆ ಹುಲ್ಲು ಒಯ್ಯುತ್ತದೆಯೇ, ಮುಂದೆ ಗರಿ ಬದಲಿಸಿದಾಗ ಬಿಳಿ ಹೆಚ್ಚಿತೇ ಕಡಿಮೆಯಾಯಿತೇ, ಇವನ್ನು ನೋಡಬಲ್ಲವರು ನೀವೊಬ್ಬರೇ. ಗುಂಪಿನಲ್ಲಿ ಬೇರೆ ಯಾವ ಗುಬ್ಬಚ್ಚಿಯನ್ನೂ ಹೀಗೆ ಮುಖ ನೋಡಿ ಗುರುತು ಹಿಡಿಯಲಾಗುವುದಿಲ್ಲವಲ್ಲ.

ಒಂದು ವೇಳೆ ಬಂಟಿಂಗ್ ಎಂದೇ ಸಾಬೀತಾದರೆ, ಸುದ್ದಿ ಹರಡುವ ಮುಂಚೆ ಮನೆಯವರ ಜೊತೆ, ಅಕ್ಕಪಕ್ಕದವರ ಜೊತೆ ಮಾತಾಡಿಕೊಳ್ಳಿ. 1989ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಲಾರ್ಕ್‌ಫೀಲ್ಡ್‌ನಲ್ಲಿ ಉತ್ತರ ಅಮೆರಿಕದ ಹಕ್ಕಿಯಾದ ಒಂದು ಗೋಲ್ಡನ್-ವಿಂಗ್ಡ್ ವಾರ್ಬ್ಲರ್ ಕಂಡಾಗ ಅಲ್ಲಿನ ಸೂಪರ್‌ಮಾರ್ಕೆಟ್‌ನ ಸುತ್ತಲಿನ ಬೀದಿಗಳಿಗೆ ಸಾವಿರಾರು ಜನ ನುಗ್ಗಿದರು. 2011ರಲ್ಲಿ ಚಿಪ್ಪಿಂಗ್ ನಾರ್ಟನ್‌ನ ಮನೆಯೊಂದರ ಹಿತ್ತಲಿಗೆ ಏಷ್ಯಾದ ಓರಿಯೆಂಟಲ್ ಟರ್ಟಲ್ ಡವ್ ಬಂದಾಗ ಮನೆಯವರು ತಮ್ಮ ಅಡುಗೆಮನೆಯ ಕಿಟಕಿಯಿಂದ ನೋಡಲು ಜನರನ್ನು ಒಳಗೆ ಬಿಟ್ಟರು. ಎಲ್ಲರಿಗೂ ಅದು ಒಗ್ಗುವುದಿಲ್ಲ, ಒಗ್ಗಬೇಕೆಂದೂ ಇಲ್ಲ. ಮೊದಲು ಒಬ್ಬ ಅನುಭವಿಯನ್ನು ಮಾತ್ರ ಕರೆದು ತೋರಿಸಿ. ಇಬ್ಬರು ನೋಡಿದ ದಾಖಲೆಗೆ ಬಲವೂ ಹೆಚ್ಚು. ಇ-ಬರ್ಡ್‌ನಲ್ಲಿ ಸ್ಥಳದ ಹೆಸರಾಗಿ ಮನೆ ವಿಳಾಸ ಬರೆಯಬೇಡಿ. ಹಕ್ಕಿ ಹೋದ ಮೇಲೆ ತಿಳಿಸಿದರೂ ದಾಖಲೆ ದಾಖಲೆಯೇ.

ಅದು ಮರಳಿ ಬರಬೇಕೆಂದರೆ ಫೀಡರ್‌ನ ಜಾಗ, ಕಾಳು ಯಾವುದನ್ನೂ ಈಗ ಬದಲಿಸಬೇಡಿ. ಸ್ವಚ್ಛ ಮಾತ್ರ ಮಾಡಿ. ಒದ್ದೆಯಾಗಿ ಬೂಸ್ಟು ಹಿಡಿದ ಕಾಳು ತೆಗೆದು, ಎರಡು ವಾರಕ್ಕೊಮ್ಮೆಯಾದರೂ ತಟ್ಟೆ ತೊಳೆದು ಪೂರ್ತಿ ಒಣಗಿಸಿ. ಅಮೆರಿಕದಲ್ಲಿ 1994ರಿಂದ ಹೌಸ್ ಫಿಂಚ್‌ಗಳಲ್ಲಿ ಕಣ್ಣು ಊದುವ ಸೋಂಕು ಹರಡಿದ್ದರಲ್ಲಿ ಫೀಡರ್‌ಗಳ ಪಾತ್ರವೂ ಇದೆ. ಹಕ್ಕಿ ಮೈ ಉಬ್ಬಿಸಿಕೊಂಡು ಗಂಟೆಗಟ್ಟಲೆ ಅಲ್ಲೇ ಕೂತಿದ್ದರೆ ಅದು ನಿಮಗೆ ಸಿಕ್ಕ ಅದೃಷ್ಟವಲ್ಲ, ಅದಕ್ಕೆ ಕಾಯಿಲೆ. ಆಗ ಫೀಡರನ್ನು ಕೆಲವು ದಿನ ತೆಗೆದಿಡಿ. ಫೀಡರ್ ಕಿಟಕಿಯಿಂದ ಒಂದು ಮೀಟರಿಗಿಂತ ಹತ್ತಿರ ಅಥವಾ ಹತ್ತು ಮೀಟರಿಗಿಂತ ದೂರ ಇದ್ದರೆ ಹಕ್ಕಿಗಳು ಗಾಜಿಗೆ ಜೋರಾಗಿ ಬಡಿದು ಸಾಯುವ ಅಪಾಯ ಕಡಿಮೆ. ನಿಮ್ಮದು ಮಧ್ಯದ ಅಂತರದಲ್ಲಿದೆ ಎಂದು ಫೋಟೊ ನೋಡಿದರೆ ತೋರುತ್ತದೆ. ಜಾಗ ಬದಲಿಸುವುದನ್ನು ಆಮೇಲೆ ಮಾಡಿ, ಸದ್ಯಕ್ಕೆ ಗಾಜಿನ ಹೊರಗಡೆ ನಾಲ್ಕು ಬೆರಳಿಗಿಂತ ಕಡಿಮೆ ಅಂತರದಲ್ಲಿ ಬಿಳಿ ಚುಕ್ಕೆಗಳನ್ನು ಅಂಟಿಸಿ, ಲೆನ್ಸ್ ಹಿಡಿಯುವಷ್ಟು ಕಿಂಡಿ ಬಿಟ್ಟುಕೊಳ್ಳಿ.

ಮುಂದಿನ ಫೋಟೊಗಳನ್ನು ಇಮೇಲ್‌ನಲ್ಲಿ ಮೂಲ ಫೈಲ್ ಆಗಿಯೇ ಕಳಿಸಿ, ಮಸುಕಾದವನ್ನೂ ಅಳಿಸದೆ. ನನಗೆ ಬೇಕಿರುವುದು ಬಲಕೆನ್ನೆ, ಬಾಲದ ಬುಡ, ಬಿಚ್ಚಿದ ಬಾಲದ ಅಂಚು, ಈ ಮೂರು. ಹಕ್ಕಿ ಮತ್ತೆ ಬರದೇ ಹೋದರೆ ಮೊನ್ನೆಯ ದಿನಾಂಕಕ್ಕೆ, ಈಗಿರುವ ಫೋಟೊ ಸಮೇತ, ‘ಗುಬ್ಬಚ್ಚಿ, ಬಹುಶಃ, ತಲೆಯಲ್ಲಿ ಬಿಳಿ ಗರಿಗಳು, ಬಾಲ ನೋಡಲಾಗಲಿಲ್ಲ’ ಎಂದು ಟಿಪ್ಪಣಿ ಬರೆದು ದಾಖಲಿಸಿ. ಬಹುಶಃ ಎಂದು ಬರೆಯಲೂ ಮನಸ್ಸು ಒಪ್ಪದಿದ್ದರೆ ಇ-ಬರ್ಡ್‌ನಲ್ಲಿ ಜಾತಿ ಹೇಳದೆ ‘ಗುರುತಿಸಲಾಗದ ಸಣ್ಣ ಹಕ್ಕಿ’ ಎಂಬಂಥ ನಮೂದಿಗೂ ಜಾಗವಿದೆ.